ನಡುಬಾಗಿಲಿನ ನಾಕಾ

ಒಲೆ ಎರಡಾದ ವಾರದಲ್ಲೇ ಹುಸೇನ ಸಾಹೇಬರು ನಡುಬಾಗಿಲಿಗೆ ಬೊಂಬು ಕಟ್ಟಿದರು.

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದು ದೊಡ್ಡ ಸುದ್ದಿಯೇನಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಸಾಹೇಬರ ಹಿರಿಯ ಮಗ ಅಲ್ತಾಫನದು ಒಂದು ಟೆಂಪೊ. ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದಿಂದ ಉಳ್ಳಾಗಡ್ಡಿ, ಎಣ್ಣೆ, ಬೇಳೆ ಏನು ಸಿಕ್ಕರೂ ಹೇರಿಕೊಂಡು ಬರುತ್ತಾನೆ. ಕಿರಿಯವ ಸರ್ಫರಾಜನದು ಹುಮನಾಬಾದಿನಲ್ಲಿ ಕಿರಾಣಿ ಅಂಗಡಿ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ತಮ್ಮನ ಅಂಗಡಿಗೆ ಮಾಲು ಇಳಿಸಿದ ಅಣ್ಣ ಒಂದು ದಿನ ಊಟಕ್ಕೆ ಕುಳಿತಾಗ ಬಾಡಿಗೆ ಕೇಳಿದ.

"ಸ್ವಂತ ತಮ್ಮಗ ಬಾಡಿಗಿ ಹಚ್ಚತೀ ಏನ್ ಭಾಯಿ?"

"ನೀ ನನ್ನ ತಮ್ಮ ಅಂತ ನನಗ ಗೊತ್ತದ. ಡಿಸೇಲಿಗಿ ಗೊತ್ತಿಲ್ಲಲ್ಲಪಾ."

ಅಷ್ಟೇ ಮಾತು. ಸರ್ಫರಾಜ ಕೈ ತೊಳೆದುಕೊಂಡು ಎದ್ದ. ಮರುದಿನ ಮನೆಯ ಪಡುವಣ ಭಾಗಕ್ಕೆ ಇನ್ನೊಂದು ಸಿಲಿಂಡರ್ ಬಂದು ಕೂತಿತು. ತನ್ನ ಹೆಂಡತಿ ಮೆಹರೀನಳಿಗೆ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಡುಬಾಗಲದ ಹೊಸ್ತಿಲ ದಾಟಿ ಆ ಕಡಿ ಕಾಲಿಟ್ಟಿ ಅಂದ್ರ, ಸೀದಾ ನಿನ್ನ ತವರಿನ ಬಸ್ ಹತ್ತು."

ಹುಸೇನ ಸಾಹೇಬರು ಎರಡೂ ಕಡೆಯ ಮಾತು ಕೇಳಿದರು. ಮೂವತ್ತು ವರ್ಷ ಹೆದ್ದಾರಿಯ ಗಡಿ ನಾಕಾದಲ್ಲಿ ಅಡ್ಡಗಂಬ ಎತ್ತಿ ಇಳಿಸಿದ ಮನುಷ್ಯ ಅವರು. ಬೇರೆ ರಾಜ್ಯದ ಮಾಲು ಒಳಗೆ ಬರಬೇಕಾದರೆ ಅಲ್ಲಿ ನಿಲ್ಲಬೇಕು, ಸುಂಕದ ಕಾಗದ ತೋರಿಸಬೇಕು, ಆಮೇಲೆ ಹುಸೇನ ಸಾಹೇಬರ ಕೈ ಹಗ್ಗ ಬಿಡಬೇಕು. ಜಿ.ಎಸ್.ಟಿ. ಬಂದ ವರ್ಷ ಆ ನಾಕಾ ಮುಚ್ಚಿತು. ಅಂದಿನಿಂದ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಈಗ ಎಲ್ಲಿಂದಲೋ ಒಂದು ಉದ್ದನೆಯ ಬೊಂಬು ತಂದರು. ಬಾಗಿಲ ಚೌಕಟ್ಟಿಗೆ ಅದನ್ನು ಏಳಿಳಿಯುವ ಹಾಗೆ ಅಡ್ಡ ಬಿಗಿದು, ಒಂದು ತುದಿಗೆ ಕಲ್ಲು ಕಟ್ಟಿ, ಇನ್ನೊಂದು ತುದಿಗೆ ಹಗ್ಗ ಕಟ್ಟಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟರು.

"ಇದೇನ್ರಿ ಅಬ್ಬಾ?" ಎಂದು ಹಿರಿಸೊಸೆ ಸುಮೇರಾ ನಗುತ್ತ ಮಾವನನ್ನು ಕೇಳಿದಳು.

"ಒಲಿ ಎರಡ ಅಂದ್ರ ಸರಕಾರ ಎರಡ. ಸರಕಾರ ಎರಡ ಅಂದ್ರ ನಡುವ ನಾಕಾ ಬೇಕು" ಎಂದರು ಅವರು. ನಗಲಿಲ್ಲ.

ಮೊದಮೊದಲು ಇದೊಂದು ತಮಾಷೆಯೇ ಆಗಿತ್ತು. ಮೆಹರೀನ ಒಂದು ಬಟ್ಟಲು ಸಕ್ಕರೆ ಕಳಿಸಿದರೆ ಮುದುಕ ಅದರಲ್ಲಿ ಒಂದು ಹಿಡಿ ತೆಗೆದುಕೊಳ್ಳುವರು. ಸುಮೇರಾ ಬಿಸಿ ರೊಟ್ಟಿ ಕಳಿಸಿದರೆ ಅಂಚಿನಲ್ಲಿ ಒಂದು ಚೂರು ಮುರಿಯುವರು. ತೆಗೆದದ್ದನ್ನು ಸ್ಟೂಲಿನ ಕೆಳಗಿನ ಚೀಲಕ್ಕೆ ಹಾಕುವರು. ಗಂಡುಮಕ್ಕಳಿಬ್ಬರಿಗೂ ಒಳಗೊಳಗೇ ಖುಷಿ, ಯಾಕೆಂದರೆ ಹೋಗುವ ಹಿಡಿ ಇನ್ನೊಬ್ಬನದು ಅಂತ ಇಬ್ಬರಿಗೂ ಅನಿಸುತ್ತಿತ್ತು. ಎಷ್ಟು ಹಾಕಿದರೂ ಆ ಚೀಲ ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ. ಒಂದು ದಿನ ಸುಮೇರಾ ಕಸ ಗುಡಿಸುತ್ತ ಅತ್ತೆ ವಜೀರಬಿಯನ್ನು ಕೇಳಿಯೇಬಿಟ್ಟಳು.

"ಅಮ್ಮಾ, ಆ ಚೀಲದಾಗಿಂದು ಎಲ್ಲಿ ಹೋಗ್ತದ್ರಿ?"

"ನಾಕಾದ ರೊಕ್ಕ ಎಲ್ಲಿ ಹೋಗ್ತಿತ್ತು ನಿನಗ ಗೊತ್ತದೇನ? ನಾ ಮೂವತ್ತ ವರ್ಷ ಕೇಳೀನಿ, ನನಗ ಗೊತ್ತಾಗಿಲ್ಲ. ಗುಡಿಸು" ಎಂದಳು ವಜೀರಬಿ.

ಸುಮೇರಾಳ ನಗು ನಿಂತದ್ದು ಆಡಿನಿಂದ. ಮನೆಯ ಆಡು ದಿನಾ ಆ ಬಾಗಿಲಿನಿಂದ ಓಡಿ ಹಿತ್ತಿಲಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಮುದುಕರು ಅಲ್ಲಿರಲಿಲ್ಲ, ಬೊಂಬೂ ಮೇಲೆತ್ತಿತ್ತು. ಆಡು ಓಡಿಬಂದು ಹೊಸ್ತಿಲ ಮುಂದೆ ಗಕ್ಕನೆ ನಿಂತಿತು. ಖಾಲಿ ಸ್ಟೂಲಿನ ಕಡೆ ಮುಖ ಮಾಡಿ, ಕಿವಿ ನೆಟ್ಟಗೆ ಮಾಡಿ ನಿಂತೇ ಇತ್ತು. ಸುಮೇರಾ ಹಿಂದಿನಿಂದ ದೂಡಿದರೂ ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರೋ ಹೋಗು ಅಂದ ಹಾಗೆ, ತಾನಾಗಿ ದಾಟಿ ಹೋಯಿತು. ವೈಶಾಖದ ಬಿಸಿಲಿನಲ್ಲೂ ಆ ಬಾಗಿಲಲ್ಲಿ ಕೈ ಚಾಚಿದರೆ ತಣ್ಣಗಿರುತ್ತಿತ್ತು, ಡಿಸೇಲಿನ ವಾಸನೆ ಬರುತ್ತಿತ್ತು.

ಸಕ್ಕರೆ, ರೊಟ್ಟಿ, ಆಡು ಹಾಳಾಗಿ ಹೋಗಲಿ. ಸುಮೇರಾಳ ಜೀವ ಇದ್ದದ್ದು ಮೂರು ತಿಂಗಳ ಮಗಳು ಮುಸ್ಕಾನಳಲ್ಲಿ. ಹೆರಿಗೆಯಾದ ಕೂಡಲೇ ಸುಮೇರಾಳಿಗೆ ಕಾಮಾಲೆ ಹಿಡಿದು ಎದೆಹಾಲು ಬತ್ತಿತ್ತು. ಡಬ್ಬಿಯ ಹಾಲು ಕುಡಿಸಿದರೆ ಕೂಸಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಮೇಲೂ ಹೋಗುವುದು ಕೆಳಗೂ ಹೋಗುವುದು. ಆಗ ಮೆಹರೀನಳೇ ಕೂಸನ್ನು ಎತ್ತಿಕೊಂಡವಳು. ಅವಳ ಮಗ ಗೌಸನಿಗೆ ಆರು ತಿಂಗಳು. ಅವನು ಕುಡಿದು ಮಿಕ್ಕುವಷ್ಟು ಹಾಲು ಅವಳಿಗೆ. "ಒಂದ ಎದಿ ಗೌಸಗ, ಒಂದ ಎದಿ ಮುಸ್ಕಾನಗ" ಎಂದಿದ್ದಳು ಆ ಹುಡುಗಿ. ವಜೀರಬಿ ಕೂಡಲೇ ಕಾಯ್ದೆ ಹೇಳಿದ್ದಳು: "ಹಂಗಾರ ಇವರಿಬ್ಬರೂ ಹಾಲಿನ ಅಣ್ಣತಂಗಿ ಆದ್ರು. ಮುಂದ ಇವರ ಲಗ್ನದ ಮಾತು ಯಾರೂ ತೆಗೀಬ್ಯಾಡ್ರಿ." ಉಳಿದವರು ನಕ್ಕಿದ್ದರು. ಆಗ ಒಲೆ ಒಂದೇ ಇತ್ತು.

ಈಗ ಮೆಹರೀನ ಈ ಕಡೆ ಬರುವಂತಿಲ್ಲ. ಕೂಸೇ ಆ ಕಡೆ ಹೋಗಬೇಕು. ಹೋಗಬೇಕೆಂದರೆ ನಾಕಾ ದಾಟಬೇಕು.

"ಮಾಲು ಏನದ?"

"ಕೂಸ್ರಿ ಅಬ್ಬಾ. ನಿಮ್ಮ ಮೊಮ್ಮಗಳು."

"ಎಲ್ಲಿಂದ ಎಲ್ಲಿಗಿ?"

"ಈ ಕಡಿಂದ ಆ ಕಡಿ. ಹಾಲಿಗಿ ಅಳಾಕತ್ತಾಳ, ಬಿಡ್ರಿ."

"ನಿಲ್ಲು. ತಪಾಸಣಿ ಆಗಬೇಕು."

ಅವರು ಕೂಸಿನಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಅದೇ ಸುಮೇರಾಳಿಗೆ ಹೆಚ್ಚು ಭಯ. ಕೂಸಿಗೆ ಹೊದಿಸಿದ ದುಪಟಿಯನ್ನು ಒಂದು ಬೆರಳಿನಿಂದ ಸರಿಸಿ ಮುಖ ನೋಡುವರು. ಅಂಗಾಲು ನೋಡುವರು. ಆಮೇಲೆ ಕಣ್ಣು ಮುಚ್ಚಿ, ಹಗ್ಗ ಹಿಡಿದುಕೊಂಡು ಕೂತುಬಿಡುವರು. ಮಾವನನ್ನು ದೂಡಿ ಹೋಗುವುದು ಸೊಸೆಯಾದವಳಿಗೆ ಸಾಧ್ಯವೇ? ನಿಲ್ಲುವಳು. ಕೂಸು ಚೀರುವುದು, ಚೀರಿ ಚೀರಿ ದನಿ ಇಳಿಯುವುದು, ಕೊನೆಗೆ ಕಣ್ಣು ತೆರೆದುಕೊಂಡೇ ಸುಮ್ಮನಾಗುವುದು. ಆಗ ಹಗ್ಗ ಸಡಿಲಾಗಿ ಬೊಂಬು ಮೇಲೇಳುವುದು. ದಿನಕ್ಕೆ ಎಷ್ಟು ಸಲ ಹಾಲೋ ಅಷ್ಟು ಸಲ ಇದು.

ಆ ತಿಂಗಳು ಅಂಗನವಾಡಿಯ ಭಾಗಮ್ಮ ಕೂಸನ್ನು ತೂಕದ ಜೋಳಿಗೆಯಲ್ಲಿ ಕೂರಿಸಿ ಮುಳ್ಳು ನೋಡಿದಳು. ಕೂಸನ್ನು ಇಳಿಸಿದಳು, ಮತ್ತೆ ಕೂರಿಸಿ ಮತ್ತೆ ನೋಡಿದಳು.

"ಹೋದ ಸಲಕಿಂತ ಇಳದದ ನೋಡವ್ವ. ಏನ ಮಾಡಾಕತ್ತೀರಿ ನೀವು?"

"ಹಾಲ ಕುಡಿತಾಳ ಭಾಗಮ್ಮಾ. ದಿನಾ ಕುಡಿತಾಳ."

"ಗಂಡ ಹೆಂಡ್ತಿ ಜಗಳದಾಗ ಕೂಸು ಬಡವಾಯ್ತು ಅಂತಾರ. ನಿಮ್ಮ ಮನ್ಯಾಗ ಅಣ್ಣ ತಮ್ಮರ ಜಗಳದಾಗ ಬಡವಾಗ್ಯದ. ಓಣಿ ಮಂದಿಗೆಲ್ಲಾ ಗೊತ್ತದ, ಮುಚ್ಚಿಡಬ್ಯಾಡ. ಇನ್ನ ಸ್ವಲ್ಪ ಇಳೀತಂದ್ರ ಬೀದರ ದವಾಖಾನಿಗಿ ಹಾಕಬೇಕಾಗ್ತದ. ಅಲ್ಲಿ ಹೋದವು ಎಲ್ಲಾ ತಿರುಗಿ ಬರ್ತಾವ ಅಂತ ನಾ ಹೇಳಂಗಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಸುಮೇರಾ ಕೂಸನ್ನು ಎದೆಗೆ ಅವಚಿಕೊಂಡು ಅತ್ತಳು. ಹಿಡಿ ಸಕ್ಕರೆ ಹೋದ ಹಾಗೆ ತನ್ನ ಮಗಳಿಂದಲೂ ಆ ಬಾಗಿಲು ಹಿಡಿ ಹಿಡಿಯಾಗಿ ತೆಗೆದುಕೊಳ್ಳುತ್ತಿದೆ ಅಂತ ಅವಳಿಗೆ ಖಾತ್ರಿಯಾಗಿತ್ತು.

ಮೆಹರೀನಳ ಮೇಲೂ ಒಂದು ಸಂಶಯ ಬಂತು. ಬಂದದ್ದನ್ನು ನುಂಗಿಕೊಳ್ಳುವ ಹೆಣ್ಣಲ್ಲ ಸುಮೇರಾ.

"ಖರೇ ಹೇಳು ಮೆಹರೀನ. ಹೊಟ್ಟಿ ತುಂಬ ಕೊಡ್ತೀಯಿಲ್ಲ?"

ಮೆಹರೀನಳ ಕಣ್ಣು ಕೆಂಪಾದವು. "ಭಾಬಿ, ಗೌಸನ ಆಣಿ. ಎದಿ ಬಿಗದು ನೋಯ್ತದ ನನಗ. ಆದ್ರ ನಿಮ್ಮ ಮಗಳು ನನ್ನ ಕೈಗಿ ಬರೂದ್ರಾಗ ಅತ್ತು ಅತ್ತು ಸೋತಿರ್ತಾಳ. ಬಾಯಾಗ ಇಟ್ರ ಎರಡ ಗುಟುಕು, ನಿದ್ದಿ. ಅಂಗಾಲಿಗಿ ತಟ್ಟತೀನಿ, ಎಚ್ಚರಾಗೂದಿಲ್ಲ. ನಾ ಏನ ಮಾಡ್ಲಿ?"

ಸುಮೇರಾಳಿಗೆ ಆಗ ತಿಳಿಯಿತು. ಮುದುಕರು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ನಿಜ. ನಿಲ್ಲಿಸುತ್ತಿದ್ದರು. ಕೂಸನ್ನು ತಿನ್ನುತ್ತಿದ್ದದ್ದು ಆ ನಿಲ್ಲುವಿಕೆ.

ಶುಕ್ರವಾರ ಸಂಜೆ ಗಂಡಸರಿಬ್ಬರೂ ಮನೆಯಲ್ಲಿದ್ದಾಗ ಅವಳು ಮಾತು ತೆಗೆದಳು. ಅಲ್ತಾಫ ಈ ಕಡೆಯ ಚಾಪೆಯ ಮೇಲೆ ಖಿಚಡಿ ಉಣ್ಣುತ್ತಿದ್ದ, ಸರ್ಫರಾಜ ಆ ಕಡೆ. ನಡುವೆ ಬೊಂಬು, ಬೊಂಬಿನ ಪಕ್ಕ ಅಪ್ಪ.

"ಅಬ್ಬಾ, ಸಾಕ ಮಾಡ್ರಿ ಈ ಆಟ" ಎಂದ ಅಲ್ತಾಫ. "ನಿಮ್ಮ ನಾಕಾ ಇದ್ದಾಗ ಉಮರ್ಗಾದಾಗ ತುಂಬಿದ ಉಳ್ಳಾಗಡ್ಡಿ ಇಲ್ಲಿ ಬರೂದ್ರಾಗ ಮೊಳಕಿ ಒಡೀತಿತ್ತು. ಒಂದ ದೇಶ, ಒಬ್ಬರ ಮಾಲಿಗಿ ಒಬ್ಬರು ಸುಂಕ ಹಾಕೂದು ಏನ್ ನ್ಯಾಯ?"

"ಆ ನಾಕಾದ ಪಗಾರದಾಗೇ ನೀ ಮೀಸಿ ಬೆಳಸೀದಿ" ಎಂದರು ಹುಸೇನ ಸಾಹೇಬರು. "ಆ ಸುಂಕದಾಗೇ ಈ ಊರಿನ ಸಾಲಿ, ದವಾಖಾನಿ. ತನ್ನ ಬಾಗಲದಾಗ ಏನ ಬಂತು ಏನ ಹೋತು ನೋಡಲಾರದ ಮನಿ, ಮನಿ ಅಲ್ಲ, ಸಂತಿ."

"ಈಗೂ ಸುಂಕ ಅದ ಅಬ್ಬಾ, ನಾ ಅಂಗಡ್ಯಾಗ ಕಟ್ಟತೀನಲ್ಲ" ಎಂದ ಸರ್ಫರಾಜ ಆ ಕಡೆಯಿಂದ. "ಹೋಗಿದ್ದು ಸುಂಕ ಅಲ್ಲ, ದಾರಿ ಮ್ಯಾಲ ನಿಂದ್ರೂದು."

"ಹಂಗಾರ ಇಬ್ಬರೂ ಕೂಡಿ ಹೇಳ್ರಿ, ತೆಗೀತೀನಿ. ಆ ನಾಕಾ ನಾ ಮುಚ್ಚಲಿಲ್ಲ. ಎಲ್ಲಾ ರಾಜ್ಯದವ್ರು ಕುಂತು ಒಪ್ಪಿಕೊಂಡ್ರು, ಹುಕುಂ ಬಂತು, ಕಂಬ ಎತ್ತಿದೆ. ಇದೂ ಹಂಗ. ಎರಡೂ ಸರಕಾರದ ಬಾಯಿಂದ ಒಂದ ಮಾತು ಬರಲಿ."

ಎಲ್ಲರೂ ಕಾದರು. ಒಂದು ಮಾತು! ಒಂದೇ ಒಂದು!

"ಭಾಯಿ ಮೊದಲ ಬಾಡಿಗಿ ಮಾತು ವಾಪಸ್ ತಗೊಳ್ಳಲಿ" ಎಂದ ಸರ್ಫರಾಜ.

"ಇಂವ ಮೊದಲ ಅನ್ಲಿ, ಆಮ್ಯಾಲ ನಾ ಅಂತೀನಿ" ಎಂದ ಅಲ್ತಾಫ.

"ನಿಮ್ಮ ಹೊಟ್ಟ್ಯಾಗ ಕಲ್ಲ ಅದಾವೇನ್ರೋ!" ಎಂದು ವಜೀರಬಿ ಒದರಿದಳು. ಎತ್ತಿದ್ದ ತುತ್ತನ್ನು ತಟ್ಟೆಗೆ ಎಸೆದಳು. "ಕೂಸಿನ ಮುಖಾ ನೋಡ್ರಿ. ಡಿಸೇಲ ಅಂತ, ಬಾಡಿಗಿ ಅಂತ! ನಿಮ್ಮನ್ನ ಹಡದ ನನ್ನ ಹೊಟ್ಟಿಗಿ ಬೆಂಕಿ ಹಾಕ."

ಅಷ್ಟಾದರೂ ಇಬ್ಬರಲ್ಲಿ ಒಬ್ಬನೂ ಬಗ್ಗಲಿಲ್ಲ. ಖಿಚಡಿ ತಣ್ಣಗಾಯಿತು. ಹುಸೇನ ಸಾಹೇಬರು ಒಬ್ಬರೇ ತಮ್ಮ ತಟ್ಟೆ ಖಾಲಿ ಮಾಡಿ ಬೊಂಬನ್ನು ಇಳಿಸಿದರು.

ಮಾರನೆಯ ದಿನ ಸುಮೇರಾ ಕಳ್ಳದಾರಿ ಹಿಡಿದಳು. ತನ್ನ ಬೀದಿಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ, ಬಿದ್ದ ವಾಡೆಯ ಗೋಡೆ, ಹಾಳು ಬಾವಿ ದಾಟಿದರೆ ಮೆಹರೀನಳ ಹಿತ್ತಿಲ ಬಾಗಿಲು. ಹಿಂದೆ ಲಾರಿಯವರೂ ನಾಕಾ ತಪ್ಪಿಸಲು ಹೀಗೇ ಹಳ್ಳಿಯ ದಾರಿ ಹಿಡಿಯುತ್ತಿದ್ದರಂತೆ. ನಡುಮಧ್ಯಾಹ್ನ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಕೂಸಿನ ತಲೆಗೆ ಸೆರಗು ಮುಚ್ಚಿಕೊಂಡು, ನಡುಬಾಗಿಲಲ್ಲಿ ಮುದುಕರು ತೂಕಡಿಸುತ್ತಿದ್ದುದನ್ನು ಕಣ್ಣಾರೆ ನೋಡಿಯೇ ಅವಳು ಹೊರಟಿದ್ದಳು. ಬಿರಬಿರನೆ ನಡೆದಳು.

ಹಿತ್ತಿಲ ಬಾಗಿಲ ಕಲ್ಲಿನ ಮೇಲೆ ಹುಸೇನ ಸಾಹೇಬರು ಕೂತಿದ್ದರು.

ಅದೇ ಬಿಳಿ ಟೋಪಿ, ಅದೇ ಲುಂಗಿ. ಕೈಯಲ್ಲಿ ಹಗ್ಗ ಹಿಡಿದ ಹಾಗೆ ಮುಷ್ಟಿ, ಹಗ್ಗ ಮಾತ್ರ ಇರಲಿಲ್ಲ.

"ಕಳ್ಳದಾರಿ" ಎಂದರು ಅವರು, ಸಿಟ್ಟಿಲ್ಲದೆ. "ತಪ್ಪಿಸಿ ಹೋಗೂ ಗಾಡಿ ಜಾಸ್ತಿ ಹೊತ್ತು ನಿಲ್ಲಬೇಕಾಗ್ತದ ಬೇಟಿ. ನಿಲ್ಲು."

ನಿಂತಳು. ಬಿಸಿಲು ನೆತ್ತಿಯ ಮೇಲಿದ್ದರೂ ಅವಳ ಮೈಗೆ ಚಳಿ ಹತ್ತಿತು. ಕೂಸು ಅತ್ತಿತು, ದನಿ ಇಳಿಯಿತು, ಸುಮ್ಮನಾಯಿತು. ಆಗ ಅವರ ಮುಷ್ಟಿ ಸಡಿಲಾಯಿತು. ಅವಳು ಕಣ್ಣು ಮುಚ್ಚಿ ಅವರ ಪಕ್ಕದಿಂದ ನುಗ್ಗಿ ಒಳಗೆ ಹೋದಳು.

"ಇಷ್ಟೊತ್ತನ ಹಿಂದ ಯಾಕ ನಿಂತಿದ್ರಿ ಭಾಬಿ? ಕೂಸಿನ ದನಿ ಕೇಳಾಕತ್ತಿತ್ತು" ಎಂದಳು ಮೆಹರೀನ.

"ಅಬ್ಬಾ ಬಿಡಬೇಕಲ್ಲ!"

"ಎಲ್ಲಿ ಅಬ್ಬಾ?"

"ಹಿತ್ತಲ ಬಾಗಲದಾಗ ಕುಂತಾರ, ಹೋಗಿ ನೋಡು."

ಮೆಹರೀನ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಭಾಬಿ, ಅಬ್ಬಾ ನಡುಬಾಗಲದಾಗ ಕುಂತಾರ. ಈಗಷ್ಟೇ ಚಾ ಕೊಟ್ಟು ಬಂದೀನಿ."

ಇಬ್ಬರೂ ಹೋಗಿ ಇಣುಕಿದರು. ಮುದುಕರು ಸ್ಟೂಲಿನ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಅವರ ಪಾದಕ್ಕೆ ಓಣಿಯ ಧೂಳು ಒಂದಿಷ್ಟೂ ಹತ್ತಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇದನ್ನು ಗಂಡಂದಿರಿಗೆ ಹೇಳಿದರೆ ಹೆಂಗಸರ ಬುದ್ಧಿ ಅಂತ ನಗುತ್ತಾರೆ. ವಜೀರಬಿಗೆ ಹೇಳಿದರೆ? ಹೇಳಿದರು. ವಜೀರಬಿ, "ನಾಕಾ ಮುಚ್ಚಿದ ಮ್ಯಾಲೂ ಅಲ್ಲಿ ಅವರನ್ನ ನೋಡಿದವ್ರು ಅದಾರ. ರಾತ್ರಿ ಅವರು ನನ್ನ ಮಗ್ಗಲದಾಗ ಮಲಗಿರ್ತಿದ್ರು, ಮುಂಜಾನಿ ಬಂದು ಲಾರಿಯವ್ರು ಹೇಳ್ತಿದ್ರು" ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಅಲ್ಲಿಂದ ನಾಲ್ಕೈದು ದಿನ ಸುಮೇರಾ ನಡುಬಾಗಿಲಿನಿಂದಲೇ ಹೋದಳು. ಇನ್ನು ಬೇರೆ ದಾರಿ ಯಾವುದಿತ್ತು? ಕೂಸಿನ ತೊಡೆಯ ಚರ್ಮ ಸಡಿಲಾಗಿ ನೆರಿಗೆ ಬಿತ್ತು. ನೆತ್ತಿ ಒಳಗೆ ಇಳಿಯಿತು. ಬೀದರಿಗೆ ಹೋಗೋಣ ಎಂದು ಅಲ್ತಾಫ ಎರಡು ಸಲ ಟೆಂಪೊ ತಿರುಗಿಸಿದ. ಭಾಗಮ್ಮ ಹೇಳಿದ ಮಾತು ನೆನಪಾಗಿ ಎರಡೂ ಸಲ ಸುಮೇರಾಳ ಕಾಲೇ ಮುಂದೆ ಹೋಗಲಿಲ್ಲ.

ಆ ಗುರುವಾರ ಮಧ್ಯಾಹ್ನ ಅವಳು ಬೊಂಬಿನ ಮುಂದೆ ನಿಂತಾಗ ಮುಸ್ಕಾನ ಅಳಲೇ ಇಲ್ಲ.

"ಮಾಲು ಏನದ?"

"ಅಬ್ಬಾ..." ಸುಮೇರಾ ಕೂಸನ್ನು ಮುಂದಕ್ಕೆ ಹಿಡಿದಳು. "ಇವತ್ತ ಅಳವಲ್ಲಳು ನೋಡ್ರಿ. ಕೈ ಬಿಟ್ರ ಕೈ ಬೀಳ್ತದ. ನಿಮ್ಮ ಕಾಲ ಬೀಳ್ತೀನಿ."

"ನಿಲ್ಲು."

ಆ ಕಡೆ ಮೆಹರೀನ ಜೋಳದ ಹಿಟ್ಟು ನಾದುತ್ತಿದ್ದಳು. ಕೂಸಿನ ಅಳು ಕೇಳಬೇಕಾಗಿದ್ದ ಹೊತ್ತಿನಲ್ಲಿ ಅದು ಕೇಳಲಿಲ್ಲ. ಕೇಳದಿದ್ದರೂ ಅವಳ ಎದೆಯ ಹಾಲು ಉಕ್ಕಿ ಕುಪ್ಪಸ ತೋಯ್ದಿತು. ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಬೊಂಬಿನ ಆಚೆ ಸಾವಿನ ಮುಖ ಮಾಡಿಕೊಂಡು ನಿಂತ ಓರಗಿತ್ತಿ, ಅವಳ ತೋಳಿನಲ್ಲಿ ಬಟ್ಟೆಯ ಗಂಟಿನಂತೆ ಬಿದ್ದ ಕೂಸು. ಮೆಹರೀನ ಒಂದು ಗಳಿಗೆ ನೋಡಿದಳು. ಆಮೇಲೆ ಸೀರೆ ಒಟ್ಟು ಮಾಡಿಕೊಂಡು, ಬೊಂಬಿನ ನೇರ ಕೆಳಗೆ, ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಭಾಬಿ, ಕೂಸಿನ್ನ ಇಲ್ಲಿ ಕೊಡ್ರಿ."

"ಮೆಹರೀನ! ಸರ್ಫರಾಜ ಏನಂದಾನ ನೆನಪದಿಲ್ಲ?"

"ಹೊಸ್ತಿಲ ದಾಟಬ್ಯಾಡ ಅಂದಾನ, ದಾಟಿಲ್ಲ. ಹೊಸ್ತಿಲ ಮ್ಯಾಲ ಕುಂತೀನಿ. ಅಬ್ಬಾ, ನೀವೂ ನೋಡ್ಕೋರಿ. ನನ್ನ ಕಾಲು ಆ ಕಡಿ ಹೋಗಿಲ್ಲ, ಕೂಸು ಈ ಕಡಿ ಬಂದಿಲ್ಲ. ಮಾಲು ಎಲ್ಲಿಂದ ಎಲ್ಲಿಗಿ ಹೊಂಟದ ಹೇಳ್ರಿ?"

ಹುಸೇನ ಸಾಹೇಬರು ಬಾಯಿ ತೆರೆದರು. ಮೂವತ್ತು ವರ್ಷದಲ್ಲಿ ಯಾವ ಲಾರಿಯೂ ಗಡಿಯ ಗೆರೆಯ ಮೇಲೆಯೇ ನಿಂತು ಮಾಲು ಇಳಿಸಿರಲಿಲ್ಲ. ಮೆಹರೀನ ಅವರ ಉತ್ತರಕ್ಕೆ ಕಾಯಲಿಲ್ಲ. ಕೂಸನ್ನು ಮಡಿಲಿಗೆ ಎಳೆದುಕೊಂಡಳು, ಸೆರಗನ್ನು ತಲೆಯ ಮೇಲಿನಿಂದ ಇಳಿಬಿಟ್ಟಳು, ಕುಪ್ಪಸದ ಗುಂಡಿಗೆ ಕೈ ಹಾಕಿದಳು.

ನಾಕಾದ ಹುಸೇನ ಏನು ಬೇಕಾದರೂ ಮಾಡಬಹುದಿತ್ತು. ಆದರೆ ಸೊಸೆ ಕೂಸಿಗೆ ಎದೆ ಕೊಡುವಲ್ಲಿ ಮಾವನಾದವನು ಕೂರುವುದುಂಟೇ? ಆ ಓಣಿಯ ಯಾವ ಮನೆಯಲ್ಲೂ ಉಂಟಾಗಿರಲಿಲ್ಲ. ಮುದುಕರ ಕಿವಿ ಕೆಂಪಾದವು. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಹಾಗೇ ಗೋಡೆ ನೋಡುತ್ತಲೇ ಬೊಂಬು ಏಳದ ಹಾಗೆ ಹಗ್ಗವನ್ನು ಚೌಕಟ್ಟಿನ ಮೊಳೆಗೆ ಸುತ್ತಿ ಎರಡು ಗಂಟು ಬಿಗಿದರು. ಸ್ಟೂಲಿನಿಂದ ಎದ್ದರು. ನಾಕಾ ಹಾಕಿದಂದಿನಿಂದ ಮಾಲು ನಿಂತಿರುವಾಗ ಅವರು ಎದ್ದದ್ದು ಅದೇ ಮೊದಲು. ಚಪ್ಪಲಿಯ ಸದ್ದು ಪಡಸಾಲೆ ದಾಟಿತು, ಬೀದಿಬಾಗಿಲು ದಾಟಿತು.

ಸುಮೇರಾ ಹೊಸ್ತಿಲಿನ ಈಚೆ ಕುಕ್ಕರಿಸಿದಳು. ಮೆಹರೀನ ಹಾಲಿನ ಹನಿಯನ್ನು ಕೂಸಿನ ತುಟಿಗೆ ಹಿಂಡಿದಳು. ಹನಿ ಗಲ್ಲದ ಮೇಲೆ ಇಳಿದು ಹೋಯಿತು. ಮತ್ತೆ ಹಿಂಡಿದಳು. "ಕುಡಿ ನನ ಅವ್ವಾ, ಯಾರೂ ಇಲ್ಲ, ಯಾರೂ ನಿಲ್ಲಸೂದಿಲ್ಲ, ಕುಡಿ" ಎಂದು ಸುಮೇರಾ ಅದರ ಅಂಗಾಲು ತಿಕ್ಕಿದಳು. ತುಟಿ ಒಮ್ಮೆ ಅದುರಿತು. ಆಮೇಲೆ ಬಾಯಿ ಹತ್ತಿತು. ಒಂದು ಗುಟುಕು. ಬಿಟ್ಟಿತು. ಮತ್ತೊಂದು.

ಆಗ ತಲೆಯ ಮೇಲೆ ಕಿರ್ ಅಂತ ಸದ್ದಾಯಿತು.

ಸುಮೇರಾ ಕತ್ತು ತಿರುಗಿಸಿ ಮೊಳೆಯ ಕಡೆ ನೋಡಿದಳು. ಮುದುಕರು ಬಿಗಿದಿದ್ದ ಗಂಟು ಬಿಚ್ಚಿಕೊಳ್ಳುತ್ತಿತ್ತು. ಗಾಳಿಯಿರಲಿಲ್ಲ. ಪಳಗಿದ ಕೈ ಬಿಚ್ಚುವ ಹಾಗೆ, ಅವಸರವಿಲ್ಲದೆ, ಮೊದಲು ಒಂದು ಗಂಟು, ಆಮೇಲೆ ಇನ್ನೊಂದು. ಸ್ಟೂಲು ಖಾಲಿಯಿತ್ತು. ಹಗ್ಗ ಸ್ವಲ್ಪ ಸ್ವಲ್ಪವೇ ಸಡಿಲಾಗಿ ಬೊಂಬು ಅವರಿಬ್ಬರ ತಲೆಯ ಮೇಲಿನಿಂದ ಎದ್ದು ಹೋಯಿತು.

"ಮೆಹರೀನ" ಎಂದಳು ಅವಳು, ಉಸಿರು ಹಿಡಿದು. "ಮ್ಯಾಲ ನೋಡು. ಹಗ್ಗ ಯಾರ ಬಿಟ್ರು?"

ಮೆಹರೀನ ಕತ್ತು ಎತ್ತಲಿಲ್ಲ.

"ಯಾರರೆ ಬಿಡಲಿ, ಸುಮ್ಕಿರ್ರಿ ಭಾಬಿ" ಎಂದಳು. "ಕುಡಿಯಾಕತ್ತಾಳ."